ಸೆಕೆ ಎಲ್ಲಿಗೆ ಹೋಗಬೇಕು?

ಪತ್ರಿಕೋದ್ಯಮ ಓದಿದ ನಮಗೆ ‘ಸಂವಹನ’ ಅಂದ ಕೂಡಲೇ ತಲೆಗೆ ಬರುವುದು ಸಂದೇಶ, ಕಳುಹಿಸುವವರು, ಮಾಧ್ಯಮ, ಸ್ವೀಕರಿಸುವವರು ಎಂಬ ಬಾಣದ ಗುರುತುಗಳ ಚಿತ್ರ. ಆದರೆ ಕನ್ನಡ ಮಾಧ್ಯಮದಲ್ಲಿ ಹೈಸ್ಕೂಲು ಮುಗಿಸಿದವರಿಗೆ ಈ ಶಬ್ದದ ಪರಿಚಯ ಅದಕ್ಕಿಂತ ಮೊದಲೇ ಆಗಿರುತ್ತದೆ. ವಿಜ್ಞಾನದ ಪುಸ್ತಕದಲ್ಲಿ ಉಷ್ಣ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದಕ್ಕೆ ಮೂರು ದಾರಿಗಳು: ವಹನ, ಸಂವಹನ, ವಿಕಿರಣ. ಮೂರಕ್ಕೂ ಒಂದೊಂದು ಉದಾಹರಣೆ ಬರೆದರೆ ಪೂರ್ತಿ ಅಂಕ. ಉದಾಹರಣೆಗಳೂ ಎಲ್ಲರದ್ದೂ ಒಂದೇ. ಒಲೆಯಲ್ಲಿಟ್ಟ ಕಬ್ಬಿಣದ ಸರಳು, ಕುದಿಯುವ ನೀರು, ಸೂರ್ಯ. ಪರೀಕ್ಷೆ ಮುಗಿಯಿತು, ಉಷ್ಣವೂ ಮುಗಿಯಿತು.

ಅದು ಮುಗಿಯುವುದಿಲ್ಲ ಎಂದು ತಿಳಿಯಲು ಕರಾವಳಿಯಲ್ಲಿ ಒಂದು ಏಪ್ರಿಲ್ ಕಳೆದರೆ ಸಾಕು. ಬಸ್ಸಿನಲ್ಲಿ, ಮದುವೆ ಹಾಲಿನಲ್ಲಿ, ಮೀನು ಮಾರ್ಕೆಟಿನಲ್ಲಿ, ಎಲ್ಲಿ ಹೋದರೂ ಮಾತು ಶುರುವಾಗುವುದು “ಎಂಚಿನ ಸೆಕೆ ಮಾರಾಯ್ರೆ” ಅಂತಲೇ. ನಾವು ಐದು ಜನ. ಒಬ್ಬಳು ಕಾರ್ಕಳದವಳು, ಒಬ್ಬಳು ಕಾಪುವಿನವಳು, ಇಬ್ಬರು ಉಡುಪಿ ಆಸುಪಾಸಿನವರು, ಒಬ್ಬ ರಾಯಚೂರು ಕಡೆಯವನು. ಹುಡುಗಿಯರಿಬ್ಬರು ಪಿಜಿಯಲ್ಲಿ, ಮೂವರು ಹುಡುಗರು ಮಣಿಪಾಲದಲ್ಲಿ ಮೂರನೇ ಮಹಡಿಯ ಮೇಲೆ ಶೀಟು ಹೊದಿಸಿದ ರೂಮಿನಲ್ಲಿ. ಪ್ರತಿ ಬೇಸಿಗೆಯಲ್ಲೂ ಸೆಕೆಯ ಬಗ್ಗೆ ಒಂದು ಸುದ್ದಿ ಬರೆಯುತ್ತೇವೆ. ಎಳನೀರಿನ ರೇಟು ಏರಿತು, ಕಲ್ಲಂಗಡಿ ಬಂತು, ಜನ ಹೈರಾಣಾದರು. ಈ ಸಲ ಹಾಗೆ ಬರೆಯುವುದು ಬೇಡ, ಸೆಕೆ ಎಂಬುದು ನಿಜಕ್ಕೂ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಹೋಗಲು ದಾರಿ ಸಿಗದಿದ್ದರೆ ಏನಾಗುತ್ತದೆ ಎಂದು ನಮ್ಮ ಊರುಗಳಲ್ಲೇ ನೋಡಿ ಬರೆಯೋಣ ಅಂದುಕೊಂಡೆವು.

ಮೊದಲನೆಯ ನಿಯಮ ಒಂದೇ. ಉಷ್ಣ ಯಾವಾಗಲೂ ಹೆಚ್ಚು ಬಿಸಿ ಇರುವಲ್ಲಿಂದ ಕಡಿಮೆ ಬಿಸಿ ಇರುವಲ್ಲಿಗೆ ಹೋಗುತ್ತದೆ. ಎರಡೂ ಸಮನಾಗುವ ತನಕ ಹೋಗುತ್ತಲೇ ಇರುತ್ತದೆ. ‘ತಂಪು’ ಎಂಬ ವಸ್ತು ಎಲ್ಲಿಂದಲೂ ಬರುವುದಿಲ್ಲ. ಬೆಳಿಗ್ಗೆ ಸ್ಟೀಲ್ ತಟ್ಟೆ ಮುಟ್ಟಿದರೆ ತಣ್ಣಗೆ, ಪಕ್ಕದ ಮರದ ಮಣೆ ಮುಟ್ಟಿದರೆ ಅಷ್ಟು ತಣ್ಣಗಿಲ್ಲ. ರಾತ್ರಿಯಿಡೀ ಒಂದೇ ಅಡುಗೆಮನೆಯಲ್ಲಿದ್ದ ಎರಡರ ಉಷ್ಣಾಂಶವೂ ಒಂದೇ. ಸ್ಟೀಲು ನಮ್ಮ ಬೆರಳಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಮರ ನಿಧಾನವಾಗಿ ತೆಗೆದುಕೊಳ್ಳುತ್ತದೆ. ನಮ್ಮ ಚರ್ಮ ಉಷ್ಣಾಂಶವನ್ನು ಅಳೆಯುವ ಬದಲು ತನ್ನಿಂದ ಬಿಸಿ ಎಷ್ಟು ಬೇಗ ಹೋಗುತ್ತಿದೆ ಎಂಬುದನ್ನು ಅಳೆಯುತ್ತದೆ. ನಂಬಿಕೆ ಬಾರದಿದ್ದರೆ ಸ್ಟೀಲ್ ತಟ್ಟೆಯ ಮೇಲೊಂದು, ಮಣೆಯ ಮೇಲೊಂದು ಐಸ್ ತುಂಡು ಇಟ್ಟು ನೋಡಿ. ‘ತಣ್ಣಗಿರುವ’ ಸ್ಟೀಲಿನ ಮೇಲಿನ ಐಸೇ ಮೊದಲು ಕರಗುತ್ತದೆ. ರೂಮಿನಲ್ಲಿ ಇದನ್ನು ಮಾಡಿ ತೋರಿಸಿದಾಗ ರಾಯಚೂರಿನವನು ತಟ್ಟೆ ಬದಲಾಯಿಸಿ ಮೂರು ಸಲ ಮಾಡಿಸಿದ.

ಇದನ್ನು ಕಾಲಿನಿಂದ ಕಲಿಯಬೇಕೆಂದರೆ ಕಾರ್ಕಳಕ್ಕೆ ಬನ್ನಿ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಬಾಹುಬಲಿ ನಿಂತಿರುವುದು ಬೋಳು ಬಂಡೆಯ ಗುಡ್ಡದ ಮೇಲೆ. ಏಪ್ರಿಲಿನ ಮಧ್ಯಾಹ್ನ ಹನ್ನೆರಡೂವರೆಗೆ ಚಪ್ಪಲಿ ಬಿಟ್ಟು ಆ ಬಂಡೆಯ ಮೇಲೆ ಹೆಜ್ಜೆ ಇಟ್ಟವರು ನಡೆಯುವುದಿಲ್ಲ, ಕುಣಿಯುತ್ತಾರೆ. ಬಂಡೆಯ ಸಂದಿಯಲ್ಲಿ ಒಣಗಿ ನಿಂತ ಹುಲ್ಲಿನ ಮೇಲೆ ಕಾಲಿಟ್ಟರೆ ಜೀವ ಬಂದ ಹಾಗಾಗುತ್ತದೆ. ಅದೇ ಬಿಸಿಲು ಹುಲ್ಲಿನ ಮೇಲೂ ಬಿದ್ದಿದೆ. ಆದರೆ ಹುಲ್ಲಿನ ಎಳೆಗಳ ನಡುವೆ ಗಾಳಿ ಇದೆ, ಕಾಲಿಗೆ ಕೊಡಲು ಅದರಲ್ಲಿ ಹೆಚ್ಚು ಬಿಸಿ ಕೂಡಿಟ್ಟಿಲ್ಲ. ಬಂಡೆಯೋ ಬೆಳಗ್ಗಿನಿಂದ ಕುಡಿದ ಬಿಸಿಲನ್ನೆಲ್ಲ ಒಳಗಿಟ್ಟುಕೊಂಡಿದೆ, ಪಾದ ತಾಗಿದ ಕೂಡಲೇ ಧಾರಾಳವಾಗಿ ಕೊಡುತ್ತದೆ.

ಅಲ್ಲಿಂದ ಇಳಿದು ಎದುರಿನ ದಿಣ್ಣೆಯ ಚತುರ್ಮುಖ ಬಸದಿಗೆ ಹೋಗಿ. 1586ರಲ್ಲಿ ಕಟ್ಟಿದ್ದು, ಅದೂ ಪೂರ್ತಿ ಕಗ್ಗಲ್ಲಿನದ್ದೇ. ಒಳಗೆ ಕಾಲಿಟ್ಟರೆ ನೆಲ ತಣ್ಣಗೆ. ಅದೇ ಜಾತಿಯ ಕಲ್ಲು ಇಲ್ಲಿ ಬಿಸಿಲು ಕಂಡಿಲ್ಲ, ಹಾಗಾಗಿ ಪಾದಕ್ಕಿಂತ ಕಡಿಮೆ ಬಿಸಿ ಇದೆ. ಅಲ್ಲಿ ಕಲ್ಲಿನಿಂದ ಪಾದಕ್ಕೆ ಬಂದ ಉಷ್ಣ ಇಲ್ಲಿ ಪಾದದಿಂದ ಕಲ್ಲಿಗೆ ಹೋಗುತ್ತದೆ. ಕಲ್ಲು ತಂಪು ಅನ್ನುವುದೂ ಸುಳ್ಳು, ಕಲ್ಲು ಬಿಸಿ ಅನ್ನುವುದೂ ಸುಳ್ಳು. ಕಲ್ಲು ಸಿಕ್ಕಿದ್ದನ್ನು ಇಟ್ಟುಕೊಳ್ಳುತ್ತದೆ, ಸಿಕ್ಕಿದ ಕಡೆ ಕೊಡುತ್ತದೆ, ಅಷ್ಟೆ. ಈ ಮಾತು ಮುಂದೆ ನಮ್ಮ ತಾರಸಿ ಮನೆಗಳ ಲೆಕ್ಕಕ್ಕೆ ಬೇಕಾಗುತ್ತದೆ.

ಅಡುಗೆಮನೆಯಲ್ಲಿ ಈ ಲೆಕ್ಕ ಪಾತ್ರೆ ಪಾತ್ರೆಗೂ ಬೇರೆ. ಅಜ್ಜಿಮನೆಯ ಬಚ್ಚಲಲ್ಲಿ ನೀರು ಕಾಯಿಸುವ ಹಂಡೆ ತಾಮ್ರದ್ದು. ತಾಮ್ರ ಸ್ಟೇನ್‌ಲೆಸ್ ಸ್ಟೀಲಿಗಿಂತ ಸುಮಾರು 25 ಪಟ್ಟು ಬೇಗ ಉಷ್ಣವನ್ನು ದಾಟಿಸುತ್ತದೆ, ಅಲ್ಯೂಮಿನಿಯಂ ಸುಮಾರು 15 ಪಟ್ಟು. ನಾಲ್ಕು ಕೊತ್ತಳಿಗೆ, ಎರಡು ಗೆರಟೆ ಉರಿಸಿದರೆ ಮನೆಮಂದಿಗೆಲ್ಲ ಮೀಯುವ ನೀರು ಕಾಯುವುದರಲ್ಲಿ ತಾಮ್ರದ ಪಾಲೂ ಇದೆ. ಆದರೆ ಅದೇ ಅಜ್ಜಿ ಸಾರು ಬಡಿಸಲು ಹಿಡಿಯುತ್ತಿದ್ದದ್ದು ತೆಂಗಿನ ಗೆರಟೆಗೆ ಬಿದಿರಿನ ಹಿಡಿ ಸಿಕ್ಕಿಸಿದ ಸೌಟು. ಕುದಿಯುವ ಸಾರಿನಲ್ಲಿ ಎಷ್ಟು ಹೊತ್ತು ಬಿಟ್ಟರೂ ಹಿಡಿ ಬಿಸಿಯಾಗುವುದಿಲ್ಲ. ಬಿಸಿ ಬೇಗ ಹೋಗಬೇಕಾದಲ್ಲಿ ತಾಮ್ರ, ಹೋಗಬಾರದಲ್ಲಿ ಗೆರಟೆ. ಮೀನು ಸಾರಿಗೆ ಮಣ್ಣಿನ ಪಾತ್ರೆ. ಅದು ಕಾಯುವುದೂ ನಿಧಾನ, ಆರುವುದೂ ನಿಧಾನ. ಒಲೆಯಿಂದ ಇಳಿಸಿದ ಮೇಲೂ ಸ್ವಲ್ಪ ಹೊತ್ತು ಗುಳುಗುಳು ಅನ್ನುತ್ತಿರುತ್ತದೆ. ಕುಚ್ಚಲಕ್ಕಿ ಗಂಜಿಯಂತೂ ಬೇಯಲು ಗಂಟೆಗಟ್ಟಲೆ ಬೇಡುತ್ತದೆ. ಈಗ ಅನೇಕ ಮನೆಗಳಲ್ಲಿ ಒಂದಷ್ಟು ಹೊತ್ತು ಕುದಿಸಿ, ಪಾತ್ರೆಯನ್ನು ದಪ್ಪ ಗೋಡೆಯ ಥರ್ಮಲ್ ಕುಕ್ಕರಿನೊಳಗೆ ಇಳಿಸಿ ಮುಚ್ಚಿಡುತ್ತಾರೆ. ಹೊಸ ಬಿಸಿ ಕೊಡುವುದಿಲ್ಲ, ಇರುವ ಬಿಸಿ ಓಡದ ಹಾಗೆ ಕಾಯುತ್ತಾರೆ. ಗ್ಯಾಸ್ ಉಳಿಯುತ್ತದೆ, ಅನ್ನವೂ ಬೇಯುತ್ತದೆ.

ಉಡುಪಿಯ ಹೋಟೆಲಿನಲ್ಲಿ ದೋಸೆ ಹುಯ್ಯುವವರನ್ನು ಗಮನಿಸಿ. ಕಾವಲಿಯ ಮೇಲೆ ಮೊದಲು ನೀರು ಚಿಮುಕಿಸುತ್ತಾರೆ. ಹದ ಬಿಸಿ ಇದ್ದರೆ ನೀರು ‘ಚೊಂಯ್’ ಎಂದು ಆರುತ್ತದೆ. ಬಿಸಿ ಅತಿಯಾಗಿದ್ದರೆ ಹನಿಗಳು ಆರದೆ ಮಣಿಗಳ ಹಾಗೆ ಉರುಳಾಡುತ್ತವೆ. ಹನಿಯ ಅಡಿಭಾಗ ತಕ್ಷಣ ಆವಿಯಾಗಿ, ಆ ಆವಿಯ ತೆಳು ಪದರದ ಮೇಲೆ ಉಳಿದ ಹನಿ ತೇಲುತ್ತದೆ. ಆವಿ ಉಷ್ಣವನ್ನು ಸರಿಯಾಗಿ ದಾಟಿಸುವುದಿಲ್ಲ, ಹಾಗಾಗಿ ಹೆಚ್ಚು ಬಿಸಿಯ ಕಾವಲಿಯಲ್ಲಿ ನೀರು ಹೆಚ್ಚು ಹೊತ್ತು ಉಳಿಯುತ್ತದೆ. ಲೈಡೆನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯ 1756ರಲ್ಲಿ ಇದರ ಬಗ್ಗೆ ಬರೆದ. ಅವನ ಹೆಸರು ಕೇಳದ ನಮ್ಮ ದೋಸೆ ಭಟ್ಟರು ಹನಿಯ ಕುಣಿತ ನೋಡಿ ಉರಿ ತಗ್ಗಿಸುತ್ತಾರೆ, ಇನ್ನಷ್ಟು ನೀರು ಎರಚಿ ಒರೆಸಿ ಆಮೇಲೆ ಹಿಟ್ಟು ಹಾಕುತ್ತಾರೆ.

ನೀರು ಆವಿಯಾಗುವಾಗ ಎಷ್ಟು ಉಷ್ಣ ನುಂಗುತ್ತದೆ ಎಂಬುದು ಈ ಬರಹದ ಮುಖ್ಯ ವಿಷಯ, ಹಾಗಾಗಿ ಒಂದು ಲೆಕ್ಕ ಹೇಳುತ್ತೇವೆ. ಕುದಿಯುವ ಒಂದು ಗ್ರಾಂ ನೀರು ಪೂರ್ತಿ ಆವಿಯಾಗಲು ಸುಮಾರು 2,260 ಜೂಲ್ ಬೇಕು. ಅದೇ ಆವಿ ತಿರುಗಿ ನೀರಾಗುವಾಗ ಅಷ್ಟನ್ನೂ ವಾಪಸು ಕೊಡುತ್ತದೆ. ಕುದಿಯುವ ಒಂದು ಗ್ರಾಂ ನೀರು ಕೈಮೇಲೆ ಬಿದ್ದು ಮೈಯ ಬಿಸಿಗೆ ಇಳಿಯುವಾಗ ಕೊಡುವುದು ಸುಮಾರು 265 ಜೂಲ್ ಮಾತ್ರ. ಹಬೆಯ ಸುಟ್ಟಗಾಯ ಹೆಚ್ಚು ಆಳವಾಗುವುದು ಇದಕ್ಕೇ. ಕೊಟ್ಟೆ ಕಡುಬೋ ಮೂಡೆಯೋ ಬೇಯಿಸುವ ದಿನ ದೊಡ್ಡಮ್ಮ ಹಬೆ ಪಾತ್ರೆಯ ಮುಚ್ಚಳ ತೆಗೆಯುವಾಗ ಮಕ್ಕಳನ್ನು ಹಿಂದೆ ತಳ್ಳಿ, ಮುಚ್ಚಳವನ್ನು ತನ್ನಿಂದ ಆಚೆಗೆ ಓರೆಯಾಗಿ ಎತ್ತುತ್ತಿದ್ದದ್ದು ಸುಮ್ಮನೆ ಅಲ್ಲ. ಹಲಸಿನ ಎಲೆಯ ಒಳಗಿನ ಹಿಟ್ಟು ನೀರನ್ನೇ ಮುಟ್ಟದೆ ಬೇಯುವುದೂ ಆವಿ ಅಲ್ಲಿಗೆ ಹೋಗಿ ತನ್ನ ಗಂಟನ್ನು ಬಿಚ್ಚುವುದರಿಂದ.

ಕಟ್ಟಿಗೆಯ ವಿಷಯದಲ್ಲಿ ಈ ಲೆಕ್ಕ ಉಲ್ಟಾ ಹೊಡೆಯುತ್ತದೆ. ಹಸಿ ಕಟ್ಟಿಗೆ ಒಲೆಗೆ ಹಾಕಿದರೆ ಬೆಂಕಿಯ ಬಿಸಿಯ ಒಂದು ಪಾಲು ಕಟ್ಟಿಗೆಯೊಳಗಿನ ನೀರನ್ನು ಆವಿ ಮಾಡಲಿಕ್ಕೇ ಖರ್ಚು, ಉಳಿದದ್ದು ಹೊಗೆ. ಉಡುಪಿ ಕೃಷ್ಣಮಠದಲ್ಲಿ ಎರಡು ವರ್ಷಕ್ಕೊಮ್ಮೆ ಪರ್ಯಾಯ ಬದಲಾಗುವ ಮೊದಲು ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂದು ನಾಲ್ಕು ಮುಹೂರ್ತಗಳು ನಡೆಯುತ್ತವೆ. ಕಟ್ಟಿಗೆ ಮುಹೂರ್ತದಲ್ಲಿ ಸೌದೆಯನ್ನು ರಥದ ಆಕಾರದಲ್ಲಿ ಒಟ್ಟುವುದನ್ನು ನೀವು ನೋಡಿರಬಹುದು. ಸಾವಿರಾರು ಜನರಿಗೆ ಅನ್ನ ಬೇಯಿಸುವ ಅಡುಗೆಮನೆಗೆ ಸೌದೆ ತುಂಬ ಮೊದಲೇ ಬಂದು, ಸಂದಿಯಲ್ಲಿ ಗಾಳಿಯಾಡುವ ಹಾಗೆ ಒಟ್ಟಿಕೊಂಡು ಒಣಗಬೇಕು. ಒಣ ಕಟ್ಟಿಗೆ ಅಂದರೆ ಬಿಸಿಲು ಮತ್ತು ಗಾಳಿ ಮೊದಲೇ ಸಂಬಳವಿಲ್ಲದೆ ಮಾಡಿಟ್ಟ ಅರ್ಧ ಕೆಲಸ.

ಇನ್ನು ಸಂವಹನ. ಇದರಲ್ಲಿ ಬಿಸಿಯನ್ನು ಹೊತ್ತ ವಸ್ತುವೇ ಎದ್ದು ಹೋಗುತ್ತದೆ. ಕಾದ ಗಾಳಿ ಹಗುರಾಗಿ ಮೇಲೇಳುತ್ತದೆ, ಆ ಜಾಗಕ್ಕೆ ತಣ್ಣಗಿನದು ನುಗ್ಗುತ್ತದೆ. ನಮ್ಮ ಜಿಲ್ಲೆಯ ಅತಿ ದೊಡ್ಡ ಸಂವಹನ ದಿನಾ ನಡೆಯುವುದು ಕಾಪುವಿನಂಥ ಕಡಲತೀರದಲ್ಲಿ. ಬೆಳಿಗ್ಗೆ ಹತ್ತಕ್ಕೆ ಬರಿಗಾಲಿನಲ್ಲಿ ನಿಲ್ಲಬಹುದಾದ ಹೊಯ್ಗೆ ಹನ್ನೆರಡಕ್ಕೆ ಸುಡುತ್ತದೆ. ಪಕ್ಕದ ಕಡಲು ಬೆಳಗ್ಗಿನಷ್ಟೇ ಬೆಚ್ಚಗೆ. ಒಂದು ಕಿಲೋ ನೀರಿನ ಉಷ್ಣಾಂಶ ಒಂದು ಡಿಗ್ರಿ ಏರಲು ಬೇಕಾದ ಉಷ್ಣ, ಒಂದು ಕಿಲೋ ಒಣ ಮರಳಿಗೆ ಬೇಕಾದದ್ದರ ಸುಮಾರು ಐದು ಪಟ್ಟು. ಅದೂ ಅಲ್ಲದೆ ಕಡಲು ತನ್ನ ಬಿಸಿಯನ್ನು ಅಲೆಗಳಲ್ಲಿ ಕಲಸಿ ಆಳಕ್ಕೆ ಇಳಿಸುತ್ತದೆ. ಮರಳು ಮೇಲಿನ ನಾಲ್ಕು ಬೆರಳಿನಲ್ಲೇ ಇಟ್ಟುಕೊಳ್ಳುತ್ತದೆ. ನೆಲದ ಮೇಲಿನ ಗಾಳಿ ಕಾದು ಎದ್ದಾಗ ಕಡಲ ಗಾಳಿ ಒಳಗೆ ಬರುತ್ತದೆ. ರಾತ್ರಿ ನೆಲ ಬೇಗ ಆರುತ್ತದೆ, ಕಡಲು ಬೆಚ್ಚಗೇ ಇರುತ್ತದೆ, ಗಾಳಿ ನೆಲದಿಂದ ಕಡಲಿಗೆ ತಿರುಗುತ್ತದೆ.

ಕಾಪುವಿನ ಗೆಳತಿಯ ಅಜ್ಜ ಹಾಯಿದೋಣಿಯ ಕಾಲದವರು. ನಸುಕಿನ ಹೊರಗಾಳಿಗೆ ಕಡಲಿಗೆ ಇಳಿಯುವುದು, ಮಧ್ಯಾಹ್ನದ ಒಳಗಾಳಿಗೆ ದಡಕ್ಕೆ ಬರುವುದು, ಎಂಜಿನ್ ಬರುವ ಮೊದಲು ಇದೇ ಟೈಮ್ ಟೇಬಲ್. ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭ ರಾತ್ರಿ ದಾರಿ ತೋರಿಸುತ್ತಿತ್ತು, ಹಗಲು ದಾರಿ ನಡೆಸುತ್ತಿದ್ದದ್ದು ನೆಲ ಮತ್ತು ನೀರು ಬಿಸಿಯಾಗುವುದರಲ್ಲಿನ ಈ ವ್ಯತ್ಯಾಸ. ನಮ್ಮ ಡಿಗ್ರಿಯ ಸಂವಹನಕ್ಕೂ ಇದಕ್ಕೂ ಹೋಲಿಕೆ ಇದೆ ಎಂದು ನಾವು ತಮಾಷೆ ಮಾಡುವುದುಂಟು. ಎರಡರಲ್ಲೂ ಯಾರಾದರೂ ಎದ್ದು ಹೋಗದೆ ಕೆಲಸ ಆಗುವುದಿಲ್ಲ.

ಉಷ್ಣ ನಿಧಾನವಾಗಿ ಹೋದದ್ದರ ಗುರುತನ್ನು ನೋಡಬೇಕೆಂದರೆ ಮಲ್ಪೆಯಿಂದ ದೋಣಿ ಹತ್ತಿ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗಬೇಕು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬಿಟ್ಟು ಹೋಗುವ ಕಾಲದಲ್ಲಿ ಹರಿದ ಲಾವಾ ಆರುತ್ತಾ ಕುಗ್ಗಿ, ಬಿರುಕು ಬಿಟ್ಟು, ಆರು ಮೂಲೆಯ ಕಂಬಗಳಾಗಿ ನಿಂತಿದೆ. ಕೆರೆ ಒಣಗಿದಾಗ ಕೆಸರು ಬಿರುಕು ಬಿಡುತ್ತದಲ್ಲ, ಹಾಗೆ. ಬಿರುಕು ಆರುವ ಮೈಯಿಂದ ಶುರುವಾಗಿ ಉಷ್ಣ ಹೊರಗೆ ಹೋದ ದಾರಿಯಲ್ಲೇ ಒಳಗೆ ಇಳಿದಿದೆ. ಅಲ್ಲಿ ಫೋಟೋ ತೆಗೆಸಿಕೊಳ್ಳುವವರೆಲ್ಲ ಒರಗಿ ನಿಲ್ಲುವುದು ಒಂದು ದೊಡ್ಡ ಬಿಸಿ ಆರಿ ಹೋದ ಗುರುತಿಗೆ.

ಮೂರನೆಯದು ವಿಕಿರಣ. ಇದಕ್ಕೆ ಮುಟ್ಟುವುದೂ ಬೇಡ, ಗಾಳಿಯೂ ಬೇಡ. ಸೂರ್ಯನ ಬಿಸಿ ಬರುವುದು ಹೀಗೆ, ಒಲೆಯ ಎದುರು ಕೂತಾಗ ಮುಖಕ್ಕೆ ಹೊಡೆಯುವ ಝಳ ಬರುವುದೂ ಹೀಗೆ. ಬಿಸಿಯಿರುವ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಕಿರಣಗಳಲ್ಲಿ ತನ್ನ ಬಿಸಿಯನ್ನು ಚೆಲ್ಲುತ್ತಿರುತ್ತದೆ. ತಲೆಯ ಮೇಲಿನ ಮಾಡು ಕೂಡ.

ನಮ್ಮ ಕಡೆಯ ಹಳೆಯ ಮನೆಗಳಿಗೆ ಮುರಕಲ್ಲಿನ ಗೋಡೆ, ಹಂಚಿನ ಮಾಡು. ಮುರಕಲ್ಲಿನ ಮೈತುಂಬ ತೂತು, ತೂತಿನಲ್ಲಿ ಗಾಳಿ. ಹಂಚು ಬಂದದ್ದು ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ. ಹಂಚು ಕಾದರೂ ಹಂಚು ಹಂಚಿನ ನಡುವಿನ ಸಂದಿಯಲ್ಲಿ ಕಾದ ಗಾಳಿ ಹೊರಗೆ ಹೋಗುತ್ತದೆ. ಮಾಡು ಎತ್ತರ, ಕೆಳಗೆ ಅಟ್ಟ. ಹಂಚಿನ ಝಳ ಅಟ್ಟದ ಹಲಗೆಗೆ ತಾಗಿ ಅಲ್ಲೇ ನಿಲ್ಲುತ್ತದೆ. ಸಂಜೆಯಾದ ಕೂಡಲೇ ತೆಳ್ಳಗಿನ ಹಂಚು ಆರಿಯೂ ಬಿಡುತ್ತದೆ. ಅದರಲ್ಲಿ ಕಷ್ಟ ಇಲ್ಲವೆಂದಲ್ಲ. ಮಂಗ ಹಾರಿದರೆ ಹಂಚು ಜಾರುತ್ತದೆ, ಮಳೆಗಾಲಕ್ಕೆ ಮೊದಲು ಕೈಯಾಡಿಸುವವರು ಸಿಗುವುದಿಲ್ಲ, ಪಕ್ಕಾಸು ರೀಪು ಗೆದ್ದಲು ಹಿಡಿಯುತ್ತವೆ. ಹಾಗಾಗಿ ಜನ ತಾರಸಿ ಕಟ್ಟಿಸಿದರು. ಅದರಲ್ಲಿ ತಪ್ಪೇನಿಲ್ಲ.

ಆದರೆ ತಾರಸಿ ಎಂದರೆ ಕಾರ್ಕಳದ ಬಂಡೆಯನ್ನು ತಲೆಯ ಮೇಲೆ ಇಟ್ಟುಕೊಂಡ ಹಾಗೆ. ಬೆಳಗ್ಗಿನಿಂದ ಸಂಜೆಯ ತನಕ ಬಿಸಿಲು ಕುಡಿಯುತ್ತದೆ. ಮೇಲೆ ಬಿದ್ದ ಬಿಸಿ ಕಾಂಕ್ರೀಟಿನ ದಪ್ಪ ದಾಟಿ ಕೆಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ರಾತ್ರಿ ಹತ್ತು ಗಂಟೆಗೆ ನಾವು ಮಲಗುವ ಹೊತ್ತಿಗೆ ಸರಿಯಾಗಿ ಸ್ಲಾಬು ತನ್ನ ಹಗಲಿನ ಗಳಿಕೆಯನ್ನು ಹಾಸಿಗೆಯ ಮೇಲೆ ಚೆಲ್ಲಲು ಶುರು ಮಾಡುತ್ತದೆ. ಫ್ಯಾನು ಹಾಕಿದರೆ ಸ್ಲಾಬಿನ ಕೆಳಗಿನ ಬಿಸಿ ಗಾಳಿ ನಮ್ಮ ಮೈಮೇಲೆ. ಶೀಟಿನ ಕಥೆ ಬೇರೆ. ಅದು ಏನನ್ನೂ ಇಟ್ಟುಕೊಳ್ಳುವುದಿಲ್ಲ. ಬಿಸಿಲು ಬಿದ್ದ ಹತ್ತೇ ನಿಮಿಷದಲ್ಲಿ ಕೈ ಇಡಲಾಗದಷ್ಟು ಕಾದು ನೇರ ತಲೆಗೆ ಹೊಡೆಯುತ್ತದೆ. ನಮ್ಮ ರೂಮಿನಲ್ಲಿ ರಜೆಯ ದಿನ ಮಧ್ಯಾಹ್ನ ಯಾರೂ ಇರುವುದಿಲ್ಲ, ಮಣ್ಣಪಳ್ಳದ ಮರದ ಕೆಳಗೆ ಹೋಗಿ ಕೂರುತ್ತೇವೆ. ರಾತ್ರಿ ಮಾತ್ರ ಶೀಟಿನ ರೂಮು ಕೆಳಗಿನ ಮನೆಗಿಂತ ಬೇಗ ಆರುತ್ತದೆ. ಮಾಲೀಕರು ಹತ್ತು ಗಂಟೆಗೆ ಚಾಪೆ ಹಿಡಿದು ಮೇಲೆ ಬಂದು ನಮ್ಮ ಬಾಗಿಲ ಎದುರು ಮಲಗುವುದನ್ನು ನೋಡಿದ ಮೇಲೆ ಬಾಡಿಗೆಯ ಬಗ್ಗೆ ನಮ್ಮ ಸಿಟ್ಟು ಸ್ವಲ್ಪ ಕಡಿಮೆಯಾಯಿತು.

ಈಗ ಮೈಯ ವಿಷಯಕ್ಕೆ ಬರೋಣ. ರಾಯಚೂರಿನವನು ಇಲ್ಲಿಗೆ ಬಂದ ಮೊದಲ ಮಾರ್ಚಿನಲ್ಲಿ ನಗುತ್ತಿದ್ದ. “ಇದೇನು ಬಿಸಿಲು? ನಮ್ಮಲ್ಲಿ ನಲವತ್ತೆರಡು ಅಂದ್ರೆ ಯಾರೂ ತಿರುಗಿ ನೋಡಲ್ಲ.” ಎರಡು ವಾರದೊಳಗೆ ದಿನಕ್ಕೆ ಮೂರು ಸಲ ಸ್ನಾನ ಮಾಡುತ್ತಿದ್ದ. ಊರಿನಿಂದ ಪ್ರೀತಿಯಿಂದ ತಂದಿದ್ದ ಮಣ್ಣಿನ ಮಡಕೆಯಲ್ಲಿ ನೀರು ತುಂಬಿಟ್ಟ. ರಾಯಚೂರಿನಲ್ಲಿ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುತ್ತಿದ್ದ ನೀರು ಇಲ್ಲಿ ಸುಮ್ಮನೆ ನೀರಾಗಿಯೇ ಉಳಿಯಿತು. ಮಡಕೆ ಕೆಟ್ಟಿರಲಿಲ್ಲ. ಮಡಕೆಯ ಮೈಯಲ್ಲಿ ಒಸರುವ ನೀರು ಆವಿಯಾಗಿ ಹೋಗುವಾಗ ಒಳಗಿನ ನೀರಿನ ಬಿಸಿಯನ್ನು ಎತ್ತಿಕೊಂಡು ಹೋಗಬೇಕು. ಒಣ ಗಾಳಿ ಆ ಆವಿಯನ್ನು ಕೂಡಲೇ ತೆಗೆದುಕೊಳ್ಳುತ್ತದೆ. ಕರಾವಳಿಯ ಗಾಳಿಯಲ್ಲಿ ಆಗಲೇ ತುಂಬ ತೇವ ಇದೆ, ಅದಕ್ಕೆ ಹೊಸ ಆವಿ ಹೆಚ್ಚು ಬೇಡ.

ನಮ್ಮ ಮೈಯೂ ಅದೇ ಮಡಕೆ. ಸುಮ್ಮನೆ ಕೂತ ಮನುಷ್ಯನ ದೇಹ ಸುಮಾರು 100 ವ್ಯಾಟ್ ಉಷ್ಣವನ್ನು ಹೊರಗೆ ಹಾಕಬೇಕು. ನಲವತ್ತು ಮಕ್ಕಳ ತರಗತಿ ಎಂದರೆ ನಲವತ್ತು ಹಳೇ ಕಾಲದ ನೂರರ ಬಲ್ಬು ಉರಿಸಿದ ಹಾಗೆ. ಕಷ್ಟದ ಕೆಲಸ ಮಾಡುವಾಗ ಇದು ಮೂರು ನಾಲ್ಕು ಪಟ್ಟಾಗುತ್ತದೆ. ಚರ್ಮದ ಉಷ್ಣಾಂಶ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ತಣ್ಣಗಿದ್ದರೆ ವಹನ, ಸಂವಹನ, ವಿಕಿರಣ ಮೂರೂ ಸಹಾಯ ಮಾಡುತ್ತವೆ. ಗಾಳಿಯೂ ಮಾಡೂ ಅದಕ್ಕಿಂತ ಬಿಸಿಯಾದರೆ ಮೂರೂ ತಿರುಗಿ ನಿಲ್ಲುತ್ತವೆ, ಉಷ್ಣ ಹೊರಗಿನಿಂದ ಒಳಗೆ ಬರುತ್ತದೆ. ಆಗ ಉಳಿದಿರುವುದು ಬೆವರು ಒಂದೇ. ಒಂದು ಗ್ರಾಂ ಬೆವರು ಚರ್ಮದ ಮೇಲೆ ಆರಿದರೆ ಸುಮಾರು 2,400 ಜೂಲ್ ಹೋಗುತ್ತದೆ. ಸುಮ್ಮನೆ ಕೂತವರಿಗೆ ಗಂಟೆಗೆ 150 ಗ್ರಾಂ ಬೆವರು ಆರಿದರೆ ಸಾಕು. ಆದರೆ ಗಮನಿಸಿ, ಬೆವರು ಆರಬೇಕು. ಹನಿಯಾಗಿ ನೆಲಕ್ಕೆ ಬಿದ್ದ ಬೆವರು ಉಪ್ಪು ಮತ್ತು ನೀರನ್ನು ಕೊಂಡುಹೋಗುತ್ತದೆ, ಬಿಸಿಯನ್ನು ಹಾಗೇ ಬಿಟ್ಟು ಹೋಗುತ್ತದೆ.

ಬಿಸಿಲಿಗೂ ಸೆಕೆಗೂ ಇರುವ ವ್ಯತ್ಯಾಸ ಇದೇ. ಹೊರಗಿನಿಂದ ಬರುವುದು ಬಿಸಿಲು. ಒಳಗಿನದು ಹೋಗಲು ದಾರಿ ಸಿಗದಿರುವುದು ಸೆಕೆ.

ಕಾರ್ಕಳದ ಗೆಳತಿಯ ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾರೆ. ಯಾವುದು ಎಂದು ಬರೆಯುವುದಿಲ್ಲ, ಅವರಿಗೆ ಇನ್ನೂ ಅಲ್ಲಿ ಕೆಲಸ ಇದೆ. ಗೇರುಬೀಜವನ್ನು ಹಬೆಯಲ್ಲಿ ಬೇಯಿಸಿ, ಆರಿಸಿ, ಒಡೆದು, ತಿರುಳನ್ನು ಬೋರ್ಮಾ ಎನ್ನುವ ಬಿಸಿ ಕೋಣೆಯಲ್ಲಿ ಒಣಗಿಸುತ್ತಾರೆ. ಆಮೇಲೆ ಸಿಪ್ಪೆ ತೆಗೆಯುವುದು, ಆರಿಸುವುದು. ಹೆಚ್ಚಿನ ಕೆಲಸ ಹೆಂಗಸರದ್ದೇ. ಅಮ್ಮ ಕೂರುವ ಜಾಗದ ಮೇಲೆ ಶೀಟು, ಬೆನ್ನ ಹಿಂದೆ ಬೋರ್ಮಾದ ಗೋಡೆ, ಸುತ್ತ ಹಬೆಯ ತೇವ. ಈ ಬರಹದಲ್ಲಿ ಈ ತನಕ ಹೇಳಿದ ಎಲ್ಲವೂ ಒಂದೇ ಕಡೆ. ಪಾಯಿಖಾನೆ ಕಾಂಪೌಂಡಿನ ಆ ಮೂಲೆಯಲ್ಲಿ. ಎದ್ದು ಹೋದರೆ ಕಿಲೋ ಲೆಕ್ಕದ ಕೆಲಸ ಹಿಂದೆ ಬೀಳುತ್ತದೆ. ಹಾಗಾಗಿ ಅಮ್ಮ ಮತ್ತು ಅವರ ಸಾಲಿನ ಹೆಂಗಸರು ಬೆಳಿಗ್ಗೆ ಒಂದು ಲೋಟ ಚಾ ಕುಡಿದು ಬಂದರೆ ಮಧ್ಯಾಹ್ನದ ಊಟದ ತನಕ ನೀರು ಮುಟ್ಟುತ್ತಿರಲಿಲ್ಲ.

ಒಂದು ಏಪ್ರಿಲಿನ ದಿನ ಹನ್ನೊಂದು ಗಂಟೆಗೆ ಅಮ್ಮ ಕೂತಲ್ಲೇ ವಾಲಿದರು. ಮೊದಲು ಅಸಂಬದ್ಧ ಮಾತಾಡಿದರಂತೆ, ಪಕ್ಕದವರು ತಮಾಷೆ ಅಂದುಕೊಂಡರಂತೆ. ಆ ಸಾಲಿನ ಹಿರಿಯ ಹೆಂಗಸೊಬ್ಬರು ನೆರಳಿಗೆ ಎಳೆದುಕೊಂಡು ಹೋಗಿ, ಕೊಡಪಾನದ ನೀರನ್ನು ಪೂರ್ತಿ ತಲೆಯಿಂದ ಸುರಿದು, ರಟ್ಟಿನ ತುಂಡಿನಿಂದ ಗಾಳಿ ಹಾಕುತ್ತಾ ರಿಕ್ಷಾಕ್ಕೆ ಹೇಳಿ ಕಳಿಸಿದರು. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು, ಆ ನೀರು ಸುರಿದದ್ದೇ ಉಳಿಸಿತು ಎಂದು. ಚೀಟಿಯಲ್ಲಿ ಮಾತ್ರ ‘ನಿಶ್ಶಕ್ತಿ’ ಎಂದಿತ್ತು. ಅಮ್ಮನೂ ಎಲ್ಲರಿಗೂ ಹೇಳಿದ್ದು ಅದನ್ನೇ: “ಬೆಳಿಗ್ಗೆ ಸರಿ ತಿಂದಿರ್ಲಿಲ್ಲ ಮಗಾ, ಅಷ್ಟೇ.” ಅರ್ಧ ದಿನದ ಸಂಬಳ ಹೋಯಿತು. ಎರಡು ದಿನ ಬಿಟ್ಟು ಅವರು ಮತ್ತೆ ಅದೇ ಜಾಗದಲ್ಲಿ ಕೂತರು.

ಆ ದಿನದ ಉಷ್ಣಾಂಶ ಏನಿತ್ತು ಎಂದು ನಾವು ಪತ್ರಿಕೆ ತೆಗೆದು ನೋಡಿದೆವು. ಗಾಬರಿಯಾಗುವಂಥದ್ದೇನೂ ಇರಲಿಲ್ಲ. ಕರಾವಳಿಯಲ್ಲಿ ಹೀಟ್‌ವೇವ್ ಎಂದು ಹವಾಮಾನ ಇಲಾಖೆ ಹೇಳಬೇಕಾದರೆ ಗರಿಷ್ಠ ಉಷ್ಣಾಂಶ 37 ಡಿಗ್ರಿ ಮುಟ್ಟಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. 2025ರಲ್ಲಿ ಫೆಬ್ರವರಿ ಕೊನೆಯಲ್ಲೇ ಕರಾವಳಿಗೆ ಅಂಥ ಎಚ್ಚರಿಕೆ ಬಂದಿತ್ತು. ಅಮ್ಮ ಬಿದ್ದ ದಿನ ಬಂದಿರಲಿಲ್ಲ. ಇಲಾಖೆ ಉಷ್ಣಾಂಶವನ್ನು ಅಳೆಯುವುದು ಬಿಳಿ ಬಣ್ಣ ಬಳಿದ, ಸುತ್ತಲೂ ಗಾಳಿಯಾಡುವ ಪಟ್ಟಿಗಳಿರುವ ಮರದ ಪೆಟ್ಟಿಗೆಯಲ್ಲಿ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ. ಇದನ್ನು ರೂಪಿಸಿದ ಥಾಮಸ್ ಸ್ಟೀವನ್‌ಸನ್ ಸ್ಕಾಟ್ಲೆಂಡಿನ ದೀಪಸ್ತಂಭಗಳ ಎಂಜಿನಿಯರ್, ‘ಟ್ರೆಷರ್ ಐಲ್ಯಾಂಡ್’ ಬರೆದ ಕಾದಂಬರಿಕಾರನ ಅಪ್ಪ. ಎಲ್ಲ ಊರುಗಳ ಗಾಳಿಯನ್ನು ಒಂದೇ ರೀತಿ ಅಳೆದು ಹೋಲಿಸಲು ಅದು ಬೇಕೇ ಬೇಕು. ಆದರೆ ಆ ಪೆಟ್ಟಿಗೆಯೊಳಗೆ ಯಾರೂ ಕೂತು ಗೇರುಬೀಜ ಸುಲಿಯುವುದಿಲ್ಲ. ಅದಕ್ಕೆ ಬಿಸಿಲು ತಾಗುವುದಿಲ್ಲ, ಶೀಟಿನ ಝಳ ಹೊಡೆಯುವುದಿಲ್ಲ, ಬೆವರು ಬರುವುದಿಲ್ಲ.

ಸೆಕೆಗೆ ಬಿದ್ದವರು ಸೆಕೆಯ ಲೆಕ್ಕದಲ್ಲಿ ಬರದಿದ್ದರೆ ಯಾರೂ ಏನೂ ಮಾಡಬೇಕಾಗಿಲ್ಲ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗೆ ತುಂಬ ಜನ ಸತ್ತ ಮೇಲೆ, 2013ರಲ್ಲಿ ಆ ನಗರ ಹೀಟ್ ಆ್ಯಕ್ಷನ್ ಪ್ಲಾನ್ ಮಾಡಿತು. ಯಾವ ದಿನ ಎಚ್ಚರಿಕೆ ಕೊಡಬೇಕು, ಆಸ್ಪತ್ರೆಗಳು ಏನು ಮಾಡಬೇಕು, ಹೊರಗೆ ದುಡಿಯುವವರಿಗೆ ಹೇಗೆ ತಿಳಿಸಬೇಕು ಎಂಬ ಯೋಜನೆ. ತೆಲಂಗಾಣ 2023ರಲ್ಲಿ ಮಾಡುಗಳನ್ನು ಬಿಸಿಲು ಹಿಂದಕ್ಕೆ ಎಸೆಯುವ ಹಾಗೆ ಮಾಡುವ ಕೂಲ್ ರೂಫ್ ನೀತಿಯನ್ನೇ ತಂದಿತು. ದೊಡ್ಡ ತಂತ್ರಜ್ಞಾನವೇನೂ ಬೇಡ. ತಾರಸಿಗೆ ಬಿಳಿ ಬಣ್ಣ ಅಥವಾ ಸುಣ್ಣ ಬಳಿದರೆ ಬಿಸಿಲಿನ ದೊಡ್ಡ ಪಾಲು ವಾಪಸು ಹೋಗುತ್ತದೆ. ನಮ್ಮಲ್ಲಿ ಕೆಲವರು ಮಾರ್ಚ್ ಬಂದ ಕೂಡಲೇ ತಾರಸಿಯ ಮೇಲೆ ತೆಂಗಿನ ಮಡಲು ಹರಡುತ್ತಾರೆ. ಬಿಸಿಲು ಮಡಲಿಗೆ ಬೀಳುತ್ತದೆ, ಮಡಲಿನ ಬಿಸಿಯನ್ನು ಗಾಳಿ ಒಯ್ಯುತ್ತದೆ, ಸ್ಲಾಬಿಗೆ ನೆರಳು ಉಳಿಯುತ್ತದೆ. ಮದುವೆಗೆ ಹಾಕುವ ಮಡಲಿನ ಚಪ್ಪರದ ಬುದ್ಧಿಯೂ ಇದೇ. ಶೀಟಿನ ಕೆಳಗೆ ಒಂದು ಅಡಿ ಅಂತರ ಬಿಟ್ಟು ಬಿದಿರಿನ ತಟ್ಟಿ ಕಟ್ಟಿ, ನಡುವಿನ ಗಾಳಿಗೆ ಎರಡೂ ಕಡೆ ದಾರಿ ಬಿಟ್ಟರೆ ಝಳ ತಟ್ಟಿಗೆ ತಾಗಿ ನಿಲ್ಲುತ್ತದೆ. ನಮ್ಮ ರೂಮಿನಲ್ಲಿ ಹಾಗೆ ಮಾಡಿದ್ದೇವೆ. ಮಧ್ಯಾಹ್ನ ಈಗ ಕೂರಬಹುದು, ಮಲಗಲು ಇನ್ನೂ ಆಗುವುದಿಲ್ಲ.

ಕಾರ್ಖಾನೆಯಲ್ಲಿ ಆದದ್ದು ಸಣ್ಣದು. ಅಮ್ಮನ ಸಾಲಿನವರು ಒಟ್ಟಾಗಿ ಕೇಳಿದ್ದಕ್ಕೆ ಬೋರ್ಮಾದ ಗೋಡೆಯ ಹತ್ತಿರ ಕೂರುವುದನ್ನು ಸರದಿಯ ಮೇಲೆ ಮಾಡಿದರು. ಬಾಗಿಲಿನ ಹತ್ತಿರ ನೀರಿನ ಕ್ಯಾನು ಬಂತು. ಹನ್ನೊಂದಕ್ಕೆ ಮತ್ತು ಮೂರಕ್ಕೆ ಹತ್ತು ನಿಮಿಷ ಎಲ್ಲರೂ ಒಟ್ಟಿಗೆ ಏಳುವುದು, ಒಟ್ಟಿಗೆ ಎದ್ದರೆ ಯಾರೂ ಹಿಂದೆ ಬೀಳುವುದಿಲ್ಲ. ಪಾಯಿಖಾನೆ ಇನ್ನೂ ಆ ಮೂಲೆಯಲ್ಲೇ ಇದೆ. ಕೊಡಪಾನ ಸುರಿದ ಹಿರಿಯರಿಗೆ ಈಗ ಆ ಸಾಲಿನಲ್ಲಿ ಡಾಕ್ಟರು ಎಂದೇ ಹೆಸರು.

ಅವರಿಂದ ಕಲಿತದ್ದನ್ನು ಇಲ್ಲಿ ಬರೆದಿಡುತ್ತೇವೆ, ಯಾರಿಗಾದರೂ ಬೇಕಾದೀತು. ಸೆಕೆಯಲ್ಲಿ ಕೆಲಸ ಮಾಡುವವರು ತೊದಲಿದರೆ, ಅಸಂಬದ್ಧ ಮಾತಾಡಿದರೆ, ಮೈ ಮುಟ್ಟಿದರೆ ಸುಡುವ ಹಾಗಿದ್ದರೆ ಅದು ನಿಶ್ಶಕ್ತಿ ಅಲ್ಲ, ಅಪಾಯ. ಬೆವರುತ್ತಿದ್ದಾರಲ್ಲ ಎಂದು ಸುಮ್ಮನಿರಬೇಡಿ. 108ಕ್ಕೆ ಫೋನ್ ಮಾಡಿ, ಅದು ಬರುವ ತನಕ ಕಾಯದೆ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಸುರಿದು ಜೋರಾಗಿ ಗಾಳಿ ಹಾಕಿ. ಕರಾವಳಿಯಲ್ಲಿ ಗಾಳಿ ಹಾಕುವುದು ಮುಖ್ಯ, ಇಲ್ಲಿ ನೀರು ತಾನಾಗಿ ಬೇಗ ಆರುವುದಿಲ್ಲ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಇನ್ನೊಂದು ಕೆಲಸ ನಮ್ಮಂಥ ಸುದ್ದಿ ಬರೆಯುವವರಿಗೆ. ಬೇಸಿಗೆಯ ವರದಿಗೆ ಹೋದಾಗ ಎಷ್ಟು ಡಿಗ್ರಿ ಎಂದು ಕೇಳಿ, ಜೊತೆಗೆ ಮೂರು ಪ್ರಶ್ನೆ ಹೆಚ್ಚಿಗೆ ಕೇಳಿ. ನಿಮ್ಮ ತಲೆಯ ಮೇಲೆ ಇರುವುದು ಏನು? ಬೆವರು ಆರುತ್ತದಾ, ಹನಿಯುತ್ತದಾ? ಕುಡಿಯುವ ನೀರು ಮತ್ತು ಪಾಯಿಖಾನೆ ಎಷ್ಟು ಹೆಜ್ಜೆ ದೂರ? ನಾವು ಈ ವರ್ಷ ನಮ್ಮ ನಮ್ಮ ಊರಿನ ಅಂಗನವಾಡಿಗಳಿಂದ ಶುರು ಮಾಡುತ್ತಿದ್ದೇವೆ. ಮಧ್ಯಾಹ್ನ ಮಕ್ಕಳನ್ನು ಮಲಗಿಸುವ ಹೊತ್ತಿಗೆ ಹೋಗಿ, ಮೊದಲು ಮೇಲೆ ನೋಡುತ್ತೇವೆ, ಹಂಚೋ ಸ್ಲಾಬೋ ಶೀಟೋ ಎಂದು. ನಿಮ್ಮ ಊರಿನದ್ದು ಏನಿದೆ ಎಂದು ನೋಡಿ ಬರೆಯಿರಿ.